ತ್ರಿಶಲಾ ಕೇಳಿಸಿಕೊಂಡ ದನಿ

ಇದನ್ನು ಹೇಳಲು ಹೊರಟದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಬೇಲೂರಿನ ಒಬ್ಬ ಪಾತ್ರೆ ಅಂಗಡಿಯವನು ಹಾಡು ಹಿಡಿಯುವುದಕ್ಕೆ ಟ್ಯಾಬ್ಲೆಟ್ಟಿನಲ್ಲಿ ಯಾವ ಆ್ಯಪ್ ಇಟ್ಟುಕೊಳ್ಳಬೇಕೆಂದು ಒದ್ದಾಡಿದ್ದು ಕಥೆಯಾಗುವಂಥ ಸಂಗತಿಯಲ್ಲ. ಗಂಡ ಹೆಂಡಿರ ನಡುವಿನ ಮಾತೂ ಅದರಲ್ಲಿ ಸೇರಿಕೊಂಡಿರುವುದರಿಂದ ಹೊರಗಿನವರು ಬಾಯಿ ಹಾಕುವುದು ಇನ್ನೂ ತಪ್ಪು. ಆದರೂ ಹೇಳದೆ ಇರಲಾಗಲಿಲ್ಲ. ಹೆಚ್ಚುಕಮ್ಮಿ ಕಂಡರೆ ಅದು ಹೇಳಿದವರದು, ಆ ಇಬ್ಬರದಲ್ಲ.

ಮಧ್ಯಾಹ್ನದ ಹೊತ್ತು ನೇಮಿಚಂದ್ರನ ಅಂಗಡಿಗೆ ಗಿರಾಕಿಗಳು ಕಡಿಮೆ. ದೇವಸ್ಥಾನ ನೋಡಲು ಬಂದ ಜನ ಬೀದಿಯಲ್ಲಿ ಹಾದುಹೋಗುವಾಗ, ಬಾಗಿಲಲ್ಲಿ ತೂಗುಹಾಕಿದ ಸ್ಟೀಲ್ ಬಿಂದಿಗೆಗಳಲ್ಲಿ ಅವರ ಮುಖಗಳು ಉದ್ದವಾಗಿ, ಡೊಂಕಾಗಿ ಮೂಡಿ ಮಾಯವಾಗುತ್ತಿದ್ದವು. ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಟ್ಯಾಬ್ಲೆಟ್ಟನ್ನು ಒಂದು ಇಡ್ಲಿ ಪಾತ್ರೆಗೆ ಒರಗಿಸಿ, ಅದರ ಮೇಲಿನ ಒಂದು ಆ್ಯಪಿನ ಚಿತ್ರವನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ. ಹಾಗೆ ಹಿಡಿದರೆ ಆ ಚಿತ್ರ ನಡುಗತೊಡಗುತ್ತದೆ, ಅಳಿಸಲೇ ಎಂದು ಕೇಳುತ್ತದೆ. ಈಚೆಗೆ ಅವನು ಎಷ್ಟೋ ಆ್ಯಪ್‌ಗಳನ್ನು ಹೀಗೆ ಅಳಿಸಿದ್ದ. ಒಂದರಲ್ಲಿ ತಂಬೂರಿ ಚೆನ್ನಾಗಿತ್ತು, ತಬಲಾ ಮಾತ್ರ ತಗಡು ಬಡಿದಂತೆ. ಇನ್ನೊಂದರಲ್ಲಿ ಹಾಡು, ಹಾರ್ಮೋನಿಯಂ, ತಾಳ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು ಒಂದರ ಮೇಲೊಂದು ಕೂರಿಸಬಹುದಿತ್ತು, ಆದರೆ ಅದನ್ನು ಮನೆಯ ಕಂಪ್ಯೂಟರಿಗೆ ಸಾಗಿಸಿದರೆ ಲಯ ಕೂದಲೆಳೆಯಷ್ಟು ಜಾರಿರುತ್ತಿತ್ತು. ಮತ್ತೊಂದು, ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಸಾಬೂನಿನ ಜಾಹೀರಾತು ಕೂಗುತ್ತಿತ್ತು. ಅವನ್ನೆಲ್ಲ ಅಳಿಸುವಾಗ ಏನೂ ಅನ್ನಿಸಿರಲಿಲ್ಲ. ಇದೊಂದನ್ನು ಮಾತ್ರ ನಡುಗಿಸುವುದು, ಬೆರಳು ತೆಗೆಯುವುದು, ಬೀದಿ ನೋಡುವುದು. ಆಮೇಲೆ ಮತ್ತೆ ನಡುಗಿಸುವುದು.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಮನೆಯ ಹಿಂಬದಿಯಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದು ಇನ್ನೊಬ್ಬರೆದುರು ಹೇಳಲು ಅವನಿಗೆ ನಾಚಿಕೆ. ರಾಗಿ ಮೂಟೆ ಇಡುತ್ತಿದ್ದ ಕೋಣೆ ಅದು. ಗೋಡೆಗೆಲ್ಲ ಹಳೆಯ ಕೌದಿ ಹೊಡೆದು, ಕಿಟಕಿಗೆ ಹಾಸಿಗೆ ಕಟ್ಟಿ, ಒಳಗೆ ಒಂದು ಕಂಪ್ಯೂಟರು, ಒಂದು ಮೈಕು, ಒಂದು ಕೀಬೋರ್ಡು ಇಟ್ಟುಕೊಂಡಿದ್ದ. ಬಸದಿಯ ಪೂಜೆಯ ಹಾಡು, ಶಾಲೆಯ ವಾರ್ಷಿಕೋತ್ಸವದ ಸ್ವಾಗತಗೀತೆ, ಆಟೋದಲ್ಲಿ ಕೂಗಿಸುವ ಪ್ರಕಟಣೆ ಇಂಥವನ್ನು ಅಲ್ಲಿ ಹಿಡಿದು, ತಿದ್ದಿ ಕೊಡುತ್ತಿದ್ದ. ಓದಿದ್ದು ಸಂಜೆ ಕಾಲೇಜಿನ ಬಿ.ಕಾಂ.; ಇದನ್ನೆಲ್ಲ ವೀಡಿಯೋ ನೋಡಿ ಕಲಿತದ್ದು. ಕಲಿತದ್ದರಲ್ಲಿ ಎಲ್ಲೋ ಒಂದು ಕಡೆ ಬುಡದಲ್ಲೇ ತಪ್ಪಿದೆ, ಬಲ್ಲವರು ಯಾರಾದರೂ ಬಂದು ಒಂದು ನಿಮಿಷ ನಿಂತರೆ ಗೊತ್ತಾಗಿಬಿಡುತ್ತದೆ ಎಂಬ ಅಳುಕು ಅವನನ್ನು ಬಿಟ್ಟದ್ದೇ ಇಲ್ಲ. ಆದರೆ ಆ ಕೋಣೆ ಮಾಡಿಕೊಂಡದ್ದು ಬೇರೆಯವರಿಗಾಗಿ ಅಲ್ಲ, ಹೆಂಡತಿ ತ್ರಿಶಲಾಳ ದನಿಗಾಗಿ. ಹಳೇಬೀಡಿನ ಸುತ್ತ ಇರುವ ಕೆಲವೇ ಜೈನರ ಮನೆಗಳಲ್ಲಿ ಯಾರ ಮನೆಯ ನೋಂಪಿಯಾದರೂ ಆರತಿ ಹಾಡಿಗೆ ಅವಳೇ ಬೇಕು. ವ್ರತ ಹಿಡಿದವರು ಒಪ್ಪೊತ್ತು ಉಂಡು ಸೊರಗಿ ಕೂತಿರುವಾಗ ಅವಳು ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಎತ್ತಿಕೊಂಡರೆ ಮುದುಕಿಯರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಮದುವೆಯ ಹೊಸದರಲ್ಲಿ ಅವನು ಆ ದನಿಯನ್ನು ಕೇಳಿ, ಅದಕ್ಕೆ ತಾನು ಯಾವ ರೀತಿಯಲ್ಲೂ ತಕ್ಕವನಲ್ಲ ಅಂದುಕೊಂಡಿದ್ದ. ಆ ಲೆಕ್ಕ ಇವತ್ತಿಗೂ ಬದಲಾಗಿಲ್ಲ.

ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಾಗ ಹಾಸನದ ಡಾಕ್ಟರು ಮುಚ್ಚುಮರೆ ಮಾಡಿರಲಿಲ್ಲ. ಥೈರಾಯ್ಡ್ ತೆಗೆಯಬೇಕು, ದನಿಯ ನರ ಅದಕ್ಕೆ ಅಂಟಿಕೊಂಡೇ ಇರುತ್ತದೆ, ಎಷ್ಟು ಜಾಗ್ರತೆ ಮಾಡಿದರೂ ಸ್ವರ ಬದಲಾಗಬಹುದು ಎಂದಿದ್ದರು. ನೇಮಿಚಂದ್ರ ತಟ್ಟನೆ, "ಸ್ವರ ಹೋದ್ರೆ ಹೋಗ್ಲಿ ಸಾರ್, ಜೀವ ಮುಖ್ಯ," ಅಂದಿದ್ದ. ಯಾರಾದರೂ ಹೇಳುವ ಮಾತೇ. ಪಕ್ಕದಲ್ಲಿ ಕೂತಿದ್ದ ಅವಳು ಅವನ ಕಡೆ ತಿರುಗಿ ನೋಡಿದಳು, ಅಷ್ಟೇ. ಆ ನೋಟ ಗಲ್ಲಾಪೆಟ್ಟಿಗೆಯ ಹಿಂದೆ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಅವನಿಗೆ ಎದುರಾಗುತ್ತಲೇ ಇತ್ತು. ಆಪರೇಷನ್ ಆದ ಮೇಲೆ ಜೀವ ಉಳಿಯಿತು. ದನಿ ಕೆಳಗೆ ಕುಸಿದು, ಮೇಲಕ್ಕೆತ್ತಲು ಹೋದರೆ ಎರಡಾಗಿ ಸೀಳುತ್ತಿತ್ತು. ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದರೆ ಆ ಕಡೆಯಿಂದ "ಹೇಳಿ ಸಾರ್" ಎನ್ನುತ್ತಿದ್ದರು. ಮೊದಲನೆಯ ಸಲ ಅವಳು ನಕ್ಕಳು. ಎರಡನೆಯ ಸಲ ಫೋನನ್ನು ಮೆಲ್ಲಗೆ ಅವನ ಕೈಗೆ ಕೊಟ್ಟು ಒಳಗೆ ಹೋದಳು. ನೋಂಪಿಗಳಿಗೆ ಹೋಗುವುದು ನಿಂತಿತು. ಹೋದರೂ ಹಿಂದಿನ ಸಾಲಿನಲ್ಲಿ ಕೂತು, ತುಟಿ ಮಾತ್ರ ಆಡಿಸಿ ಬರುತ್ತಿದ್ದಳು. ಬೆಳಿಗ್ಗೆ ಬಟ್ಟೆಯಲ್ಲಿ ನೀರು ಸೋಸುವಾಗ ಗುನುಗುತ್ತಿದ್ದವಳು ಈಗ ನೀರು ಬೀಳುವ ಸದ್ದನ್ನಷ್ಟೇ ಕೇಳುತ್ತಾ ನಿಂತಿರುತ್ತಿದ್ದಳು.

ಟ್ಯಾಬ್ಲೆಟ್ಟಿನ ವಿಚಾರ ತಲೆಗೆ ಹಾಕಿದವನು ಸುನಿಲ್. ಪ್ರಚಾರದ ಆಟೋ ಓಡಿಸುತ್ತಾನೆ, ಹಬ್ಬದ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಅವನು ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಯಾವ ಆ್ಯಪ್ ಒಳ್ಳೇದು ಅಂತ ಸುಮ್ನೆ ಓದ್ಕಂಡ್ ಕೂತಿದೀರಲ್ಲ ನೇಮಣ್ಣ. ನಿಮ್ ಗಿರಾಕಿ ಪಾತ್ರೆನ ಬಡಿದು ನೋಡಿ ತಗಳ್ತಾನೋ, ಮೇಲಿರೋ ಚೀಟಿ ಓದಿ ತಗಳ್ತಾನೋ? ಹಂಗೇ ಇದೂನೂ. ಬಡಿದು ನೋಡಿ," ಎಂದು ತಾನೇ ಟ್ಯಾಬ್ಲೆಟ್ ಎತ್ತಿಕೊಂಡು ಈ ಆ್ಯಪನ್ನು ಇಳಿಸಿದ್ದ. ಕಂಪ್ಯೂಟರಿನಲ್ಲಿ ದನಿ ತಿದ್ದಬೇಕಾದರೆ ಹಾಡಿ ಮುಗಿದ ಮೇಲೆ ಕೂತು ತಿದ್ದಬೇಕು. ಇದರಲ್ಲಿ ಹಾಡುತ್ತಿರುವಾಗಲೇ ತಿದ್ದಿಕೊಂಡು, ಆ ಕ್ಷಣವೇ ಹಾಡುವವರ ಕಿವಿಗೆ ಕೊಡುತ್ತದೆ. ಜಾರಿದ ಸ್ವರವನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ, ಒರಟನ್ನು ಸವರುತ್ತದೆ, ಬೇಕಾದರೆ ಇಡೀ ದನಿಯನ್ನೇ ಒಂದೆರಡು ಮನೆ ಮೇಲಕ್ಕೆತ್ತುತ್ತದೆ.

"ಇದ್ರಲ್ಲಿ ಯಾವೋನ್ ಬಾಯಿ ತೆಗುದ್ರೂ ಹಾಡಾಯ್ತದೆ ಕಣಣ್ಣ. ಹೋದ್ ಗಣಪತೀಲಿ ನಮ್ ಕರಿಯಪ್ಪ ಮೈಕ್ ಕಿತ್ಕಂಡ್ನಲ್ಲ, ಎಮ್ಮೆ ಕರ ತಪ್ಪಿಸ್ಕಂಡಂಗಿತ್ತು ಗಂಟ್ಲು. ಇದರೊಳಿಕ್ ಬಿಟ್ಟೆ ನೋಡಿ, ಅವನ್ ಹೆಂಡ್ತೀನೇ ಎದ್ ಬಂದು ವೀಡಿಯೋ ಹಿಡ್ಕಂಡ್ಲು. ಹದಿನೈದ್ ವರ್ಸದಲ್ಲಿ ಒಂದ್ ದಿನಾನೂ ಅವನ ಮಕ ನೋಡಿರ್ಲಿಲ್ಲ ಆಯಮ್ಮ."

"ಅದು ಮೋಸ ಅಲ್ವೇನೋ?"

"ಯಾರಿಗ್ ಮೋಸ? ಹಾಡೋನ್ಗೂ ಖುಸಿ, ಕೇಳೋರ್ಗೂ ಖುಸಿ. ಮೋಸ ಹೋದೋನು ಯಾವನವ್ನೆ, ಒಬ್ಬನ್ನ ತೋರ್ಸಿ ಮತ್ತೆ."

ಅವತ್ತು ಅದನ್ನು ಮನೆಗೆ ಕೊಂಡೊಯ್ದದ್ದು ಬರಿಯ ಪರೀಕ್ಷೆಗೆ. ಈ ಮಾತನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾನೋ. ಕೌದಿಯ ಕೋಣೆಗೆ ತ್ರಿಶಲಾ ಕಾಲಿಡುತ್ತಿರಲಿಲ್ಲ. ಟ್ಯಾಬ್ಲೆಟ್ಟಾದರೆ ಅಡಿಗೆಮನೆಗೇ ಬರುತ್ತದಲ್ಲ ಎಂಬುದೊಂದು ಆಸೆ. ಮೈಕು ಸರಿಯಾಗಿ ಹಿಡಿಯುತ್ತದೋ ನೋಡಬೇಕು, ಒಂದು ಸಾಲು ಹೇಳು ಎಂದ. "ನನ್ನ ಈ ಗಂಟಲಿನಲ್ಲಾ? ಊರಲ್ಲಿ ಬೇರೆ ಯಾರೂ ಸಿಗಲಿಲ್ವೇನ್ರೀ?" ಎಂದಳು. ಕೈ ಒದ್ದೆಯಾಗಿದ್ದರಿಂದ ಅವನೇ ಹೆಡ್‌ಫೋನನ್ನು ಅವಳ ತಲೆಗೆ ಏರಿಸಿದ. ಸುನಿಲ್ ಅಂಗಡಿಯಲ್ಲಿ ತೋರಿಸುವಾಗ ತಿರುಗಿಸಿದ್ದ ದನಿ ತಿದ್ದುವ ಗುಂಡಿ ತಿರುಗಿಸಿದಲ್ಲೇ ಇತ್ತು; ಅದು ನೆನಪಿಗೆ ಬಂದದ್ದು ಅವಳು ಅರ್ಧ ಸಾಲು ಹೇಳಿ ನಿಲ್ಲಿಸಿದ ಮೇಲೆ. ಅವಳು ಬಾಗಿಲ ಕಡೆ ನೋಡಿದಳು, ಯಾರೋ ಬಂದಿದ್ದಾರೆ ಎಂಬಂತೆ. ಮತ್ತೆ ಹೇಳಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಇಡೀ ಪದ್ಯ. ಅವನ ಕಿವಿಗೆ ಹೆಡ್‌ಫೋನ್ ಇರಲಿಲ್ಲವಲ್ಲ, ಅಡಿಗೆಮನೆಯ ಗಾಳಿಯಲ್ಲಿ ಇದ್ದದ್ದನ್ನೇ ಕೇಳಿದ: ಒಣ ಹಲಗೆಯನ್ನು ನೆಲದ ಮೇಲೆ ಎಳೆದಂಥ ಸದ್ದು, ಎತ್ತರದ ಜಾಗ ಬಂದಾಗ ಸದ್ದೂ ಇಲ್ಲದೆ ಬರಿಯ ಉಸಿರು. ಅವಳ ಮುಖ ಮಾತ್ರ ಬೇರೆಯೇ ಹಾಡನ್ನು ಕೇಳುತ್ತಿತ್ತು. ಮುಗಿಸಿ, ಒದ್ದೆ ಕೈಯಲ್ಲೇ ಅವನ ತೋಳು ಹಿಡಿದು, "ಬಂದಿದೆ ಕಣ್ರೀ. ಬಂದಿದೆ ಅಲ್ವಾ?" ಎಂದಳು.

"ಹೂಂ," ಅಂದ.

ಮಾರನೆಯ ದಿನವೇ ಹೇಳಿಬಿಡಬಹುದಿತ್ತು. ಮಾರನೆಯ ದಿನ ಅವಳು ಬೇಗನೆದ್ದು ಸ್ನಾನ ಮಾಡಿ, "ಎಲ್ಲಿ ಅದು, ಕೊಡಿ," ಎಂದು ಕೈಚಾಚಿದಳು. ಅಲ್ಲಿಂದ ಮುಂದೆ ಆ್ಯಪ್ ಆರಿಸುವುದು ಅವನಿಗೆ ಬೇರೆಯೇ ಕೆಲಸವಾಯಿತು. ಯಾವುದರಲ್ಲಿ ತಂಬೂರಿ ಚೆನ್ನ, ಯಾವುದರಿಂದ ಕಂಪ್ಯೂಟರಿಗೆ ಸಲೀಸಾಗಿ ಹೋಗುತ್ತದೆ ಎಂಬುದಲ್ಲ. ಯಾವುದು ತಿದ್ದಿದ್ದು ಗೊತ್ತಾಗದಂತೆ ತಿದ್ದುತ್ತದೆ ಎಂಬುದು. ಒಂದರಲ್ಲಿ ದನಿ ಯಂತ್ರದ್ದಾಗುತ್ತಿತ್ತು, ಅಳಿಸಿದ. ಒಂದು, ದನಿಯನ್ನು ಚೂರು ತಡವಾಗಿ ಕಿವಿಗೆ ಕೊಡುತ್ತಿತ್ತು, ಅವಳಿಗೆ ಅನುಮಾನ ಬಂದೀತೆಂದು ಅಳಿಸಿದ. ಸುತ್ತಿ ಸುತ್ತಿ ಸುನಿಲ್ ಇಳಿಸಿದ್ದಕ್ಕೇ ಬಂದು ನಿಂತ. ಇಷ್ಟು ಮನಸ್ಸಿಟ್ಟು ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದ ಜೀವ ಸತ್ತೀತೆಂದು ಅರಿವೆಯಲ್ಲಿ ಸೋಸುವ ಮನೆ ಅದು. ಅಂಥ ಮನೆಯಲ್ಲಿ ಕೂತು, ಹೆಂಡತಿಯ ಬಾಯಿಂದ ಹೊರಟು ಅವಳ ಕಿವಿಗೆ ಸೇರುವ ಗೇಣುದ್ದ ದಾರಿಯಲ್ಲಿ ತಾನೊಂದು ಅರಿವೆ ಕಟ್ಟಿದ್ದೇನೆ ಎನ್ನಿಸುತ್ತಿತ್ತು. ಒಮ್ಮೆ ಧೈರ್ಯ ಮಾಡಿ, ದಿನಕ್ಕಿಷ್ಟು ದಿನಕ್ಕಿಷ್ಟು ಗುಂಡಿಯನ್ನು ಇಳಿಸುತ್ತಾ ಹೋದರೆ ಅವಳಿಗೆ ಗೊತ್ತಾಗದಂತೆ ನಿಜದ ದನಿ ಅಭ್ಯಾಸವಾದೀತೆಂದು ಒಂದಿಷ್ಟು ಇಳಿಸಿದ. ಅವತ್ತು ಅವಳು ನಡುವೆ ನಿಲ್ಲಿಸಿ, ಹೆಡ್‌ಫೋನ್ ತೆಗೆದು ಅದರ ಒಳಭಾಗವನ್ನು ಸೆರಗಿನಿಂದ ಒರೆಸಿದಳು. ಮತ್ತೆ ಹಾಡಲಿಲ್ಲ. ರಾತ್ರಿಗೆ ಮುಂಚಿನ ಊಟವನ್ನೂ ತಟ್ಟೆಯಲ್ಲೇ ಬಿಟ್ಟಳು. ಬೆಳಗಾಗುವಷ್ಟರಲ್ಲಿ ಅವನು ಗುಂಡಿಯನ್ನು ಮೊದಲಿದ್ದಲ್ಲಿಗೆ ಏರಿಸಿಟ್ಟಿದ್ದ.

ಇಡ್ಲಿ ಪಾತ್ರೆಯ ಮುಂದೆ ಆ ಚಿತ್ರ ಇನ್ನೂ ನಡುಗುತ್ತಿರುವಾಗ ಫೋನ್ ಬಂತು. ಅರಸೀಕೆರೆಯಿಂದ ಅಕ್ಕ, ಜಿನಮತಿ. ವರ್ಷಗಳಿಂದ ಹಿಡಿದುಕೊಂಡು ಬಂದಿದ್ದ ನೋಂಪಿಯನ್ನು ಮುಗಿಸುವ ಉದ್ಯಾಪನೆ ಅವಳ ಮನೆಯಲ್ಲಿ, ಬರುವ ಭಾನುವಾರ.

"ನೇಮಿ, ನಿನ್ನ ಹೆಂಡ್ತಿ ಫೋನ್ ಮಾಡಿದ್ಲು ಕಣೋ. ಆರತಿ ಹಾಡು ನಾನೇ ಹೇಳ್ತೀನಿ ಅತ್ತಿಗೆ ಅಂದ್ಲು. ನಂಗೆ ಎಷ್ಟು ಸಂತೋಷವಾಯ್ತು ಅಂತೀಯ! ನಮ್ಮ ತ್ರಿಶಾಗೆ ಹೇಳಿಟ್ಟಿದ್ದೆ, ಪಾಪ ಆ ಹುಡುಗಿ ಪುಸ್ತಕ ನೋಡ್ಕೊಂಡು ಒದ್ದಾಡ್ತಿತ್ತು. ಬೇಡ ಬಿಡು ಅಂದ್ಬಿಡ್ಲಾ?"

ತ್ರಿಶಾ ಅಕ್ಕನ ಸೊಸೆ. ನೇಮಿಚಂದ್ರ ಟ್ಯಾಬ್ಲೆಟ್ಟನ್ನು ಬೋರಲು ಹಾಕಿದ.

"ಯಾಕೋ ಸುಮ್ಮನಾದೆ? ಗಂಟಲು ಸರಿಹೋಗಿದೆ ತಾನೇ? ನಿಜ ಹೇಳು. ಒಂದ್ಸಲ ಆರತಿ ಎತ್ತಿದ ಮೇಲೆ ಹಾಡು ಮುಗಿಯೋವರೆಗೂ ಕೆಳಗಿಡೋ ಹಾಗಿಲ್ಲ, ಬೇರೆಯವರು ಎತ್ಕೊಳ್ಳೋ ಹಾಗೂ ಇಲ್ಲ. ಶುರು ಮಾಡಿದೋರೇ ಮುಗಿಸ್ಬೇಕು. ನಿಂಗೊತ್ತಲ್ಲ."

"ಗೊತ್ತು."

"ಮತ್ತೆ?"

ಒಬ್ಬ ಹೆಂಗಸು ಅಂಗಡಿಯೊಳಗೆ ಬಂದು ಒಂದು ತಪ್ಪಲೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದಳು. ಅವನು ಅವಳನ್ನೇ ನೋಡುತ್ತಾ, "ಪರವಾಗಿಲ್ಲ ಅಕ್ಕ, ಸುಮಾರಾಗಿದೆ," ಅಂದ.

ಅವತ್ತು ಸೂರ್ಯ ಮುಳುಗುವ ಮೊದಲು ಊಟಕ್ಕೆ ಕೂತಾಗ ತ್ರಿಶಲಾ ತುಂಬ ಮಾತಾಡಿದಳು. ಯಾವ ಸೀರೆ ಉಡಬೇಕು, ಜಿನಮತಿ ಅತ್ತಿಗೆಗೆ ಏನು ಒಯ್ಯಬೇಕು. ತಾನು ತುಟಿ ಮಾತ್ರ ಆಡಿಸುತ್ತಿದ್ದುದನ್ನು ಕಂಡು ಒಬ್ಬಾಕೆ "ಪಾಪ, ಅವಳಿಗೆ ಈಗ ಹಾಡು ಮರೆತೂ ಹೋಗಿರುತ್ತೆ" ಅಂದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. "ಮರೆಯೋಕೆ ಅದೇನು ಸಾಮಾನಿನ ಪಟ್ಟಿಯಾ?" ಎಂದು ನಕ್ಕಳು. ಆ ನಗುವೂ ನಡುವೆ ಸೀಳಿತು. ಅವಳಿಗೆ ಅದು ಕೇಳಿಸಲಿಲ್ಲವೇ ಎಂದು ಅವನು ತಟ್ಟೆಯಿಂದ ತಲೆಯೆತ್ತಿದ.

"ಒಂದ್ಸಲ ಹೆಡ್‌ಫೋನ್ ಇಲ್ದೆ ಹಾಡಿ ನೋಡ್ತೀಯಾ?" ಎಂದ. ಇದಕ್ಕಿಂತ ಹತ್ತಿರಕ್ಕೆ ಹೋಗಲು ಅವನಿಂದಾಗಲಿಲ್ಲ.

"ಬೇಡ. ಅದಿಲ್ದಿದ್ರೆ ನಂಗೆ ಧೈರ್ಯ ಬರಲ್ಲ."

"ಮತ್ತೆ ಅಲ್ಲಿ ಹೇಗೆ?"

"ಅಲ್ಲಿ ಸ್ವಾಮಿ ಎದುರಿಗಿರ್ತಾರಲ್ಲ," ಎಂದು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಭಾನುವಾರ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರು. ಅವಳು ಕಿಟಕಿಯ ಪಕ್ಕ ಕೂತು, ಗಾಳಿಗೆ ಸೆರಗನ್ನು ಕಿವಿಯ ಮೇಲೆ ಸುತ್ತಿಕೊಂಡಿದ್ದಳು. ಹೊರಗೆ ತೆಂಗಿನ ಸಾಲುಗಳು, ರಾಗಿ ಹೊಲ, ಮತ್ತೆ ತೆಂಗು. ಊರು ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ, ಕಂಡಕ್ಟರು ಬಂದ. ಜಾವಗಲ್ ದಾಟಿದ ಮೇಲೆ ಅಂದುಕೊಂಡ. ಹಿಂದಿನ ಸೀಟಿನವರು ತೆಂಗಿನ ನುಸಿರೋಗದ ಮಾತು ತೆಗೆದರು, ಅವರಿಗೆ ಕೇಳಿಸುತ್ತದೆ. ಈಗ ಹೇಳಿದರೆ ಅವಳು ಹಾಡುವುದಿಲ್ಲ. ಹಾಡದಿದ್ದರೆ ಅಷ್ಟು ಜನರೆದುರು ಹಿಂದಿನ ಸಾಲಿಗೆ ಹೋಗಿ ಕೂರುತ್ತಾಳೆ, ಮತ್ತೆ ಎಂದೂ ಏಳುವುದಿಲ್ಲ. ಹೇಳದಿದ್ದರೆ? ನಂಬಿಕೆಯಿಂದಲೇ ದನಿ ಬಂದುಬಿಟ್ಟರೆ? ಹೀಗೆ ತನಗೆ ಅನುಕೂಲವಾದದ್ದನ್ನು ನಂಬಲು ಅವನ ಮನಸ್ಸು ಎಷ್ಟು ಬೇಗ ಒಪ್ಪಿತೆಂದರೆ, ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವನಿಗೆ ಹಗುರವೂ ಆಗಿತ್ತು. ಆ ಹಗುರ ನೆನೆದರೆ ಈಗಲೂ ಅವನಿಗೆ ಮೈ ಮೇಲೆ ಹುಳ ಹರಿದಂತಾಗುತ್ತದೆ.

ಅಕ್ಕನ ಮನೆಯ ಮೇಲಿನ ಹಜಾರ ತುಂಬಿತ್ತು. ಮಂಟಪದಲ್ಲಿ ಸ್ವಾಮಿಯ ಬಿಂಬ, ಮುಂದೆ ಕಲಶ, ಹಣ್ಣುಗಳ ರಾಶಿ. ಅಭಿಷೇಕ ಮುಗಿದು ಪುರೋಹಿತರು ಆರತಿಗೆ ಹೇಳಿದಾಗ ಜಿನಮತಿ ತಟ್ಟೆ ಎತ್ತಿಕೊಂಡಳು. ಗಂಡಸರ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ನೇಮಿಚಂದ್ರನಿಗೆ ತ್ರಿಶಲಾಳ ಒಂದು ಕಡೆಯ ಮುಖ ಮಾತ್ರ ಕಾಣುತ್ತಿತ್ತು. ತ್ರಿಶಾ ಮೊಬೈಲಿನಲ್ಲಿ ತಂಬೂರಿ ಹಾಕುತ್ತಾ, "ಎಷ್ಟಕ್ಕಿಡ್ಲಿ ಅತ್ತೆ?" ಎಂದಳು. ಹೆಂಗಸರೆಲ್ಲ ಮಾತು ನಿಲ್ಲಿಸಿದರು.

"ಐದೂವರೆ," ಎಂದಳು ತ್ರಿಶಲಾ.

ಮೊದಲ ಸಾಲು ಕೆಳಗೆಲ್ಲೋ ಹೊರಟು, ತಂಬೂರಿಯನ್ನು ಮುಟ್ಟಲು ಹೋಗಿ, ಮುಟ್ಟಲಿಲ್ಲ. ಅವಳು ನಿಲ್ಲಿಸದೆ ಎರಡನೆಯ ಸಾಲಿಗೆ ಏರಿದಳು. ಅಲ್ಲಿ ದನಿ ಸೀಳಿತು. ಒಂದು ಎಳೆ ಗೊಗ್ಗರು, ಇನ್ನೊಂದು ಶಿಳ್ಳೆಯಂಥ ಗಾಳಿ. ಆಗ ಅವಳ ಬಲಗೈ ಮೇಲಕ್ಕೆ ಹೋಗಿ ಕಿವಿಯನ್ನು ಮುಚ್ಚಿ ಒತ್ತಿ ಹಿಡಿಯಿತು, ಅಲ್ಲಿ ಇಲ್ಲದ ಹೆಡ್‌ಫೋನನ್ನು ಸರಿಪಡಿಸಿಕೊಳ್ಳುವಂತೆ. ಆ ಕೈ ಏನೆಂದು ಆ ಹಜಾರದಲ್ಲಿ ತಿಳಿದಿದ್ದವನು ಅವನೊಬ್ಬನೇ. ಪಲ್ಲವಿ ಬಂದಾಗ ಹೆಂಗಸರೆಲ್ಲ ಕೂಡಿಕೊಂಡರು, ಎಂದಿಗಿಂತ ಜೋರಾಗಿ, ಎಂದಿಗಿಂತ ಬೇಗಬೇಗ. ಕರುಣೆಯಿಂದ ಅವಳ ಮೇಲೊಂದು ಜಮಖಾನ ಹೊದಿಸಿದಂತೆ. ಪಲ್ಲವಿ ಮುಗಿದೊಡನೆ ಜಮಖಾನ ಸರಿದು ಅವಳು ಮತ್ತೆ ಒಬ್ಬಳೇ. ಉದ್ದದ ಹಾಡು. ಪ್ರತಿ ಪದ್ಯಕ್ಕೂ ಅವಳೇ ಎತ್ತಬೇಕು, ಎತ್ತಿದಳು. ಯಾರೋ ಕೆಮ್ಮಿದರು. ಯಾರದೋ ಮಗು ಅವಳು ಹಾಡಿದ ಹಾಗೇ ಗೊಗ್ಗರು ದನಿ ತೆಗೆಯಿತು, ತಾಯಿ ಅದರ ಬಾಯಿಗೆ ಕೈ ಇಟ್ಟಳು. ಮುದುಕಿಯರು ನೆಲ ನೋಡುತ್ತಿದ್ದರು. ಹತ್ತಿರದಲ್ಲೇ ಜಂಕ್ಷನ್ನಿಗೆ ರೈಲೊಂದು ಬಂದು, ಇಡೀ ಹಜಾರವನ್ನು ಅದುರಿಸಿ, ಕೆಲವು ಸಾಲುಗಳನ್ನು ನುಂಗಿಕೊಂಡಿತು. ನೇಮಿಚಂದ್ರ ಅದು ಇನ್ನೂ ಉದ್ದವಿರಬಾರದಿತ್ತೇ ಎಂದು ಬಯಸಿದ. ಜಿನಮತಿ ಹಿಡಿದ ತಟ್ಟೆ ವಾಲಿ ಆರತಿಯ ತುಪ್ಪ ಚೆಲ್ಲಿತು. ತ್ರಿಶಾ ಪಕ್ಕದಿಂದ ಮೆಲ್ಲಗೆ ಎಳೆ ಸೇರಿಸಲು ಬಾಯಿ ತೆರೆದಳು. ತ್ರಿಶಲಾ ಅವಳ ಕಡೆ ನೋಡದೆಯೇ ಎಡಗೈ ಎತ್ತಿ ತಡೆದಳು. ಕೊನೆಯ ಪದ್ಯದವರೆಗೂ ಒಂದು ಅಕ್ಷರ ಬಿಡದೆ ಹೇಳಿದಳು. ಬಲಗೈ ಕೊನೆಯವರೆಗೂ ಕಿವಿಯ ಮೇಲೇ ಇತ್ತು.

ಆಮೇಲೆ ಎಲ್ಲರೂ ಒಳ್ಳೆಯವರಾದರು. "ಗಂಟಲು ಕಟ್ಟಿದೆ ಪಾಪ, ಬಸ್ಸಿನ ಗಾಳಿ. ಬಿಸಿನೀರು ಕೊಡ್ರೇ ಯಾರಾದ್ರೂ," ಎಂದು ಒಬ್ಬಾಕೆ ಅಂದದ್ದೇ ತಡ, ಎಲ್ಲರ ಬಾಯಲ್ಲೂ ಅದೇ ಮಾತು. ತ್ರಿಶಲಾ ಲೋಟ ತೆಗೆದುಕೊಂಡು, "ಹೌದು, ಗಾಳಿ," ಎಂದು ಕುಡಿದಳು. ಪಂಕ್ತಿಯಲ್ಲಿ ಅವಳ ಎಲೆಗೆ ಹೋಳಿಗೆ ಎರಡೆರಡು ಬಿದ್ದವು. ಕೈ ತೊಳೆಯಲು ಹೋದ ನೇಮಿಚಂದ್ರನನ್ನು ಜಿನಮತಿ ಓಣಿಯಲ್ಲಿ ತಡೆದಳು. "ನಿನ್ನ ಕೇಳಿದ್ನಲ್ಲೋ. ಬಾಯಿಬಿಟ್ಟು ಕೇಳಿದ್ನಲ್ಲ. ಅಷ್ಟು ಜನದ ಮುಂದೆ ಅವಳನ್ನ ನಿಲ್ಲಿಸಿ ನಿಂಗೇನು ಸಿಕ್ತು?" ಎಂದಳು. ಕಣ್ಣಲ್ಲಿ ನೀರಿತ್ತು. ಅವನು ಕೈಯಿಂದ ನೀರು ತೊಟ್ಟಿಕ್ಕಿಸಿಕೊಂಡು ನಿಂತಿದ್ದ. ಒರೆಸಿಕೊಳ್ಳಲು ಬಟ್ಟೆ ಎಲ್ಲಿದೆ ಎಂದು ಕೇಳಲೂ ತನಗೆ ಹಕ್ಕಿಲ್ಲ ಅನ್ನಿಸಿತು.

ಹಿಂದಿರುಗುವಾಗ ಬಸ್ಸು ಅರ್ಧ ಖಾಲಿ. ಈ ಸಲ ಅವಳು ಕಿಟಕಿಯ ಪಕ್ಕ ಅವನನ್ನು ಕೂರಿಸಿದಳು. ಅವನು ಮುಂದಿನ ಸೀಟಿನ ಕಂಬಿ ಹಿಡಿದು, ಅದನ್ನೇ ನೋಡುತ್ತಾ ಹೇಳಿದ.

"ಆ ಆ್ಯಪು ದನಿಯನ್ನ ತಿದ್ದುತ್ತೆ ತ್ರಿಶಲಾ. ನಿಂಗೆ ಕೇಳಿಸ್ತಿದ್ದದ್ದು ತಿದ್ದಿದ ದನಿ. ಮೊದಲನೇ ದಿನದಿಂದಾನೂ. ನಂಗೆ ಗೊತ್ತಿತ್ತು."

ಅವಳು ಮಡಿಲಿನ ಚೀಲದಲ್ಲಿ ಅತ್ತಿಗೆ ಕೊಟ್ಟ ತೆಂಗಿನಕಾಯನ್ನು ನೆಟ್ಟಗೆ ಕೂರಿಸಿದಳು.

"ಬೆಳಿಗ್ಗೆ ನಾನು ಕಿಟಕಿ ಹತ್ರ ಕೂರಬಾರದಿತ್ತು," ಎಂದಳು.

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು." ಚೀಲದ ಬಾಯಿ ಮಡಿಚಿ, "ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ತೀವಾ? ನಿಮ್ಮ ಊಟ ಆಗ್ಬೇಕು," ಎಂದಳು.

ಅವಳು ಬೈಯಲಿ ಎಂದು ಅವನು ಹಳೇಬೀಡಿನವರೆಗೂ ಕಾದ. ಮಾರನೆಯ ಬೆಳಿಗ್ಗೆ ಅವಳು ಸ್ನಾನ ಮಾಡಿ ಬಂದು ಕೈಚಾಚಿದಾಗ, "ಅದನ್ನ ಅಳಿಸ್ಬಿಡ್ತೀನಿ," ಎಂದು ಅಂಗಲಾಚುವಂತೆ ಹೇಳಿದ.

"ಯಾಕೆ? ಹೇಗಿದೆಯೋ ಹಾಗೇ ಇರ್ಲಿ. ಮುಟ್ಬೇಡಿ."

ಈಗ ದಿನವೂ ಅವಳು ಹೆಡ್‌ಫೋನ್ ಹಾಕಿಕೊಂಡು, ಅಡಿಗೆಮನೆಯ ಮಣೆಯ ಮೇಲೆ ಕೂತು, ಅದೇ ಆರತಿ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡುತ್ತಾಳೆ. ಕಿವಿ ಮುಚ್ಚಿರುವುದರಿಂದ ಜೋರಾಗಿಯೇ ಹಾಡುತ್ತಾಳೆ. ಪಕ್ಕದ ಮನೆಯ ಮಹದೇವಮ್ಮ ಒಂದು ದಿನ ಬೇಲಿಯಾಚೆಯಿಂದ, "ಏನಪ್ಪಾ ನೇಮಿ, ಯಾರಿಗೋ ಮೈ ಸರಿ ಇಲ್ದಂಗೈತೆ ನಿಮ್ಮನೇಲಿ?" ಎಂದು ಕೇಳಿದಳು, ಅಂದಿನಿಂದ ಅವನು ಹಾಡು ಶುರುವಾಗುವ ಮುಂಚೆ ಎದ್ದು ಕಿಟಕಿ ಮುಚ್ಚುತ್ತಾನೆ. ಬೇರೆ ಆ್ಯಪ್ ಹುಡುಕುವುದನ್ನು ಬಿಟ್ಟಿದ್ದಾನೆ. ಟ್ಯಾಬ್ಲೆಟ್ಟು ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿದರೆ, ಎಲ್ಲಿ ಏನು ಬದಲಾಗಿಬಿಡುತ್ತದೋ ಎಂದು ಹೆದರಿ ಬೇಡವೆನ್ನುತ್ತಾನೆ. ಅಂಗಡಿಗೆ ಹೊರಡುವ ಹೊತ್ತು ಮೀರಿದರೂ ಹಾಡು ಮುಗಿಯುವವರೆಗೆ ಬಾಗಿಲಲ್ಲಿ ನಿಂತಿರುತ್ತಾನೆ. ಗಾಳಿಯಲ್ಲಿರುವುದನ್ನು ಯಾರಾದರೊಬ್ಬರು ಕೇಳಬೇಕಲ್ಲ. ಮುಗಿದ ಮೇಲೆ ಅವಳು ಒಂದೊಂದು ದಿನ ಅವನ ಕಡೆ ತಿರುಗಿ, "ಹೇಗಿತ್ತು?" ಎನ್ನುತ್ತಾಳೆ. ಅವನು, "ಚೆನ್ನಾಗಿತ್ತು," ಎನ್ನುತ್ತಾನೆ. ಅವಳು ತಲೆಯಾಡಿಸಿ ನೀರು ಸೋಸಲು ಏಳುತ್ತಾಳೆ.

ಕಿವಿಯನ್ನು ಎಷ್ಟೇ ಮುಚ್ಚಿದರೂ ಹಾಡುವವರ ದನಿ ಎಲುಬಿನೊಳಗಿಂದ ಅವರಿಗೆ ಕೇಳಿಸಿಯೇ ಕೇಳಿಸುತ್ತದೆಂದು ನೇಮಿಚಂದ್ರ ಎಲ್ಲೋ ಓದಿದ. ಹಾಗಾದರೆ ಮೊದಲನೆಯ ದಿನವೇ ಅವಳಿಗೆ ಎರಡೂ ಕೇಳಿಸಿರಬೇಕು. ಕೇಳಿಸಿತ್ತೋ ಇಲ್ಲವೋ, ಐದೂವರೆ ಎಂದು ಅಷ್ಟು ಜನರ ನಡುವೆ ಹೇಳುವಾಗ ಅವಳ ಮನಸ್ಸಿನಲ್ಲಿ ಏನಿತ್ತು, ಈಗ ಅವಳು ಅವನನ್ನು ಕ್ಷಮಿಸಿ ಹಾಡುತ್ತಿದ್ದಾಳೋ ಅಥವಾ ಇದೇ ಅವನಿಗೆ ಕೊಟ್ಟಿರುವ ಶಿಕ್ಷೆಯೋ, ಗೊತ್ತಿಲ್ಲ. ಅವನು ಕೇಳಿಲ್ಲ, ಅವಳು ಹೇಳಿಲ್ಲ. ಇದನ್ನು ಬರೆದವರಿಗೂ ತಿಳಿದದ್ದು ಇಷ್ಟೇ.